ಉದ್ರಿ ಖಾತೆಗೆ ಬಂದ ಕಲೆ: ಮಿಕಿ ರಸ್ಕಿನ್ ನಡೆಸಿದ ಅಂಗಡಿ

‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ತೂಗುಹಾಕುವ ಅಂಗಡಿಯವರು ಮಿಕಿ ರಸ್ಕಿನ್‌ನ ವ್ಯಾಪಾರ ಕೇಳಿದರೆ ಇವನಿಗೆ ತಲೆ ನೆಟ್ಟಗಿಲ್ಲ ಅಂದಾರು. 1965ರ ಡಿಸೆಂಬರಿನಲ್ಲಿ ಅವನು ನ್ಯೂಯಾರ್ಕಿನ 213, ಪಾರ್ಕ್ ಅವೆನ್ಯೂ ಸೌತ್‌ನಲ್ಲಿ ಮ್ಯಾಕ್ಸಸ್ ಕ್ಯಾನ್ಸಸ್ ಸಿಟಿ ತೆರೆದ. ಕೆಳಗೆ ಬಾರು, ಊಟದ ಮೇಜುಗಳು, ಹಿಂದೊಂದು ಕೋಣೆ, ಮೇಲೊಂದು ಅಂತಸ್ತು. ಕಾಸಿಲ್ಲದ ಶಿಲ್ಪಿಯೋ ಚಿತ್ರಕಾರನೋ ತನ್ನದೊಂದು ಕೃತಿ ತಂದುಕೊಟ್ಟರೆ ಅವನ ಹೆಸರಿನಲ್ಲಿ ಲೆಕ್ಕ ಶುರು. ಆಮೇಲೆ ತಿಂದದ್ದು, ಕುಡಿದದ್ದು ಅದರಲ್ಲೇ ಕಳೆಯುತ್ತ ಹೋಗುವುದು. ಗೋಡೆ ತುಂಬಿದ್ದು ಹೀಗೆ.

ರಸ್ಕಿನ್ ಹುಟ್ಟಿದ್ದು 1933ರಲ್ಲಿ, ಓದಿದ್ದು ಕಾನೂನು. ಕರಿಕೋಟು ಅವನಿಗೆ ಒಗ್ಗಲಿಲ್ಲ. 1960ರ ಹೊತ್ತಿಗೆ ಟೆಂತ್ ಸ್ಟ್ರೀಟ್ ಕಾಫಿಹೌಸ್ ನಡೆಸಿದ. ಅಲ್ಲಿ ಕವಿಗಳ ಓದು ನಡೆಯುತ್ತಿತ್ತು. ಮುಂದಿನದರ ಹೆಸರು ಲೆ ದ್ಯೂ ಮೆಗೊ. ಪ್ಯಾರಿಸಿನಲ್ಲಿ ಸಾಹಿತಿಗಳು ಕೂರುತ್ತಿದ್ದ ಲೆ ದ್ಯೂ ಮಾಗೊ ಕೆಫೆಯ ಹೆಸರನ್ನು ಒಂದಕ್ಷರ ತಿರುಚಿದ್ದು. ಫ್ರೆಂಚಿನಲ್ಲಿ ಮೆಗೊ ಅಂದರೆ ಸೇದಿ ಬಿಸಾಕಿದ ಸಿಗರೇಟಿನ ತುಂಡು. ಅದಾದ ಮೇಲೆ ನೈಂತ್ ಸರ್ಕಲ್ ಎಂಬ ಬಾರು. ಪ್ರತಿ ಸಲವೂ ಒಂದೇ ವರಸೆ: ಜಾಗ ಹುಡುಕು, ಗೆಳೆಯರನ್ನು ಕೂರಿಸು, ಜನ ತುಂಬಿದಂತೆ ಬೇಸರ ಬಂದು ಮುಂದಿನದಕ್ಕೆ ಹೊರಡು.

ಮ್ಯಾಕ್ಸಸ್‌ನಲ್ಲಿ ಮ್ಯಾಕ್ಸ್ ಎಂಬ ಮನುಷ್ಯನೇ ಇರಲಿಲ್ಲ. ಹೆಸರು ಸೂಚಿಸಿದವನು ಕವಿ ಜೋಯಲ್ ಒಪೆನ್‌ಹೈಮರ್. ಫಲಕದಲ್ಲಿ ಬರೆಸಿದ್ದು ಸ್ಟೇಕ್, ಲಾಬ್‌ಸ್ಟರ್, ಕಡಲೆ. ಕಡಲೆ ತಮಾಷೆಗಲ್ಲ, ಮೇಜುಮೇಜಿಗೂ ಬಟ್ಟಲಲ್ಲಿ ಒಣಕಡಲೆ ಇಟ್ಟಿರುತ್ತಿದ್ದರು. ಹಲ್ಲಿದ್ದವರೂ ಅದನ್ನು ಹೆಚ್ಚು ತಿಂದಂತಿಲ್ಲ. ರಾತ್ರಿ ಏರಿದಂತೆ ಮೇಜಿಂದ ಮೇಜಿಗೆ ಎಸೆದಾಡಲು ಬಳಕೆಯಾಗುತ್ತಿತ್ತು.

ಈಗ ವಿನಿಮಯದ ಲೆಕ್ಕಕ್ಕೆ ಬರೋಣ. ರಸ್ಕಿನ್ ಬಗ್ಗೆ ಬರೆಯುವವರು ಅವನ ಧಾರಾಳತನವನ್ನು ಹೊಗಳುತ್ತಾರೆ, ಲೆಕ್ಕ ಮಾಡುವುದಿಲ್ಲ. ಲೆಕ್ಕ ಗಟ್ಟಿಯಾಗಿಯೇ ಇತ್ತು. ಉದಾಹರಣೆಗೆ, ಗ್ಯಾಲರಿಯಲ್ಲಿ 1,000 ಡಾಲರಿಗೆ ಮಾರುವ ಚಿತ್ರ ಅಂದುಕೊಳ್ಳಿ. ಗ್ಯಾಲರಿ ಅರ್ಧ ಹಿಡಿದರೆ ಕಲಾವಿದನಿಗೆ ಉಳಿಯುವುದು 500, ಅದೂ ಮಾರಾಟವಾದರೆ. ಅದೇ ಚಿತ್ರಕ್ಕೆ ಬಾರಿನಲ್ಲಿ 1,000 ಡಾಲರಿನ ಉದ್ರಿ ಸಿಕ್ಕರೆ ಅವನಿಗೆ ದುಪ್ಪಟ್ಟು. ಬಾರಿನವನಿಗೆ ತಗಲುವುದೆಷ್ಟು? ಮೆನು ದರದಲ್ಲಿ ಮದ್ಯದ ಅಸಲು ಐದನೇ ಒಂದು ಪಾಲು, ಊಟದ್ದು ಮೂರನೇ ಒಂದು ಪಾಲು ಅಂತ ಈ ಕಸುಬಿನವರು ಹಿಡಿಯುತ್ತಾರೆ. 500 ಕುಡಿತಕ್ಕೆ, 500 ಊಟಕ್ಕೆ ಹೋಯಿತು ಅನ್ನಿ: ನೂರು, ಜೊತೆಗೆ ನೂರರವತ್ತು ಚಿಲ್ಲರೆ. ಸುಮಾರು 265 ಡಾಲರಿಗೆ ಸಾವಿರದ ಚಿತ್ರ ಗೋಡೆಗೆ ಬಂತು. ಇಬ್ಬರೂ ತಮಗೆ ಅಗ್ಗವಾಗಿದ್ದನ್ನು ಕೊಟ್ಟು ದುಬಾರಿಯಾದದ್ದನ್ನು ಪಡೆದರು. ಇದರಲ್ಲಿ ಹುಚ್ಚುತನ ಎಲ್ಲಿದೆ?

ಎಡವಟ್ಟು ಬೇರೆ ಕಡೆ ಇರುತ್ತದೆ. ಆ 265 ಬರೀ ಸಾಮಾನಿನ ಬೆಲೆ. ಬಾಡಿಗೆ, ಸಂಬಳ, ಕರೆಂಟು ನಗದಿನಲ್ಲೇ ಹೋಗಬೇಕು. ಲಾಬ್‌ಸ್ಟರ್ ತರುವವನು ಚಿತ್ರ ಒಯ್ಯುವುದಿಲ್ಲ. ಕುರ್ಚಿಗಳಲ್ಲಿ ಮೂರನೇ ಒಂದು ಪಾಲು ಉದ್ರಿಯವರೇ ಕೂತರೆ ಉಳಿದ ಎರಡು ಪಾಲಿನ ಗಿರಾಕಿಗಳು ಇಡೀ ಅಂಗಡಿಯ ನಗದು ಖರ್ಚು ಹೊರಬೇಕು. ಖಾತೆದಾರ ಒಬ್ಬನೇ ಬರುವುದೂ ಇಲ್ಲ. ಪಾಪ್ ಕಲಾವಿದ ಆಂಡಿ ವಾರ್ಹಾಲ್‌ನ ಬಳಗದವರು ಅವನ ಹೆಸರಿಗೆ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಇನ್ನು ಟಿಪ್ಸು. ಅಮೆರಿಕದಲ್ಲಿ ಬಡಿಸುವವರ ನಿಜವಾದ ಸಂಬಳವೇ ಅದು, ಉದ್ರಿ ಚೀಟಿಯಲ್ಲಿ ಬರೆಯದಿದ್ದರೆ ಅವರ ಹೊಟ್ಟೆಗೇ ಕಲ್ಲು. ತೆರಿಗೆಯವರಂತೂ ವಿನಿಮಯವನ್ನು ಆದಾಯವೆಂದೇ ಎಣಿಸುತ್ತಾರೆ. ಬಂದದ್ದು ಚಿತ್ರ, ಕಟ್ಟಬೇಕಾದ್ದು ಹಣ.

ಇವತ್ತು ಕೆಫೆ ಇಟ್ಟುಕೊಂಡವರು ಈ ಪದ್ಧತಿ ಮಾಡುವುದಾದರೆ ಚೀಟಿ ಮೊದಲು, ಚಿತ್ರ ಆಮೇಲೆ. ಒಪ್ಪಿದ ಬೆಲೆ, ತಾರೀಕು, ಕೃತಿಯ ಅಳತೆ, ಹಿಂದು ಮುಂದಿನ ಫೋಟೋ ಇರಲಿ. ಖಾತೆಗೆ ಯಾರು ಯಾರು ಸಹಿ ಹಾಕಬಹುದು, ತಿಂಗಳಿಗೆ ಎಷ್ಟು ಮಿತಿ, ಟಿಪ್ಸು ಸೇರಿದೆಯೋ ಇಲ್ಲವೋ, ಎಷ್ಟು ತಿಂಗಳಲ್ಲಿ ಮುಗಿಸಬೇಕು, ಕೃತಿಗೆ ಪೆಟ್ಟಾದರೆ ರಿಪೇರಿ ಯಾರದು ಅನ್ನುವುದೂ ಬೇಕು. ಗೆಳೆತನದಲ್ಲಿ ಇದನ್ನೆಲ್ಲ ಕೇಳಲು ಸಂಕೋಚ ನಿಜ. ಆದರೆ ಕಾಗದವಿಲ್ಲದ ಕೃತಿಯನ್ನು ಮುಂದೆ ಮಾರುವಾಗ ಎಲ್ಲಿಂದ ಬಂತು ಅನ್ನುವ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ಹಿಂದಿನ ಕೋಣೆಗೆ ಬನ್ನಿ. ಮ್ಯಾಕ್ಸಸ್‌ನ ಅತಿ ಹೆಸರುವಾಸಿ ಕೃತಿ ಅಲ್ಲಿತ್ತು: ಡ್ಯಾನ್ ಫ್ಲೇವಿನ್ 1966ರಲ್ಲಿ ಮಾಡಿದ, ಹೊಂಚುದಾಳಿಯಲ್ಲಿ ಸತ್ತವರ ಸ್ಮಾರಕ. ಸಾಮಗ್ರಿ? ಎಂಟಡಿಯ ನಾಲ್ಕು ಕೆಂಪು ಟ್ಯೂಬ್‌ಲೈಟು, ಅಷ್ಟೆ. ಕೋಣೆಯ ಮೂಲೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಗೋಡೆಯಿಂದ ಗೋಡೆಗೆ ಅಡ್ಡವಾಗಿ ಒಂದು, ಕೂತವರ ಕಡೆಗೆ ಚಾಚಿಕೊಂಡು ಇನ್ನೊಂದು. ಬಿಲ್ಲಿಗೆ ಬಾಣ ಹೂಡಿದಂತೆ. ವಿಯೆಟ್ನಾಂ ಯುದ್ಧದ ಕಾಲ ಅನ್ನುವುದನ್ನು ನೆನಪಿಟ್ಟುಕೊಂಡು ಆ ಬಾಣದ ಕೆಳಗೆ ಕೂತು ಕುಡಿಯುತ್ತಿದ್ದವರನ್ನು ಊಹಿಸಿಕೊಳ್ಳಿ.

ಕೆಂಪು ಟ್ಯೂಬಿನ ಗುಣವೇ ಬೇರೆ. ಬೇಡದ ಬಣ್ಣವನ್ನು ತಡೆದು ಕೆಂಪನ್ನಷ್ಟೇ ಬಿಡುವ ಲೇಪ ಅದರಲ್ಲಿರುವುದರಿಂದ ಅದೇ ಉದ್ದದ ಬಿಳಿ ಟ್ಯೂಬಿಗಿಂತ ಬೆಳಕು ತೀರಾ ಕಡಿಮೆ. ನಾಲ್ಕು ಉರಿದರೂ ಕೋಣೆ ಮಬ್ಬೇ. ಕೆಂಪು ಬೆಳಕಿನಲ್ಲಿ ಕೆಂಪು, ಬಿಳಿ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಮ್ಯಾಕ್ಸಸ್‌ನ ಕೆಂಪು ಮೇಜುಬಟ್ಟೆ ಹಿಂದಿನ ಕೋಣೆಯಲ್ಲಿ ಬಿಳಿಚಿಕೊಳ್ಳುತ್ತಿತ್ತು. ಹಸಿರು ಸೊಪ್ಪು ಕಪ್ಪಾಗುತ್ತದೆ. ಮುಖದ ಕಲೆ, ಮೊಡವೆ ಮಾಯ. ರಾತ್ರಿ ಎರಡಕ್ಕೂ ಎಲ್ಲರೂ ಚೆಂದ ಕಂಡದ್ದರಲ್ಲಿ ಈ ಟ್ಯೂಬುಗಳ ಕೈವಾಡವಿದೆ. ಊಟದ ಬಿಲ್ಲನ್ನು ಕೆಂಪು ಶಾಯಿಯಲ್ಲಿ ಬರೆದರೆ ಮಾತ್ರ ಅಲ್ಲಿ ಯಾರಿಗೂ ಓದಲಾಗದು.

ಟ್ಯೂಬು ಸುಟ್ಟರೆ ಕೃತಿ ಹಾಳಾಯಿತೇ? ಇಲ್ಲ. ಫ್ಲೇವಿನ್ ಬಳಸಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಎರಡು, ನಾಲ್ಕು, ಆರು, ಎಂಟು ಅಡಿಯ ಮಾಮೂಲಿ ಟ್ಯೂಬುಗಳನ್ನೇ. ಕೊಂಡವರಿಗೆ ಅವನು ಕೃತಿಯ ನಕ್ಷೆಯಿದ್ದ ಪ್ರಮಾಣಪತ್ರ ಕೊಡುತ್ತಿದ್ದ. ಟ್ಯೂಬು, ಚೋಕು ಬದಲಾಗುತ್ತಿರುತ್ತವೆ, ಪತ್ರ ಕಳೆದರೆ ಕೈಯಲ್ಲಿ ಉಳಿಯುವುದು ಟ್ಯೂಬ್‌ಲೈಟು ಮಾತ್ರ. ಫ್ಲೇವಿನ್ ಕೃತಿ ಇಟ್ಟುಕೊಂಡವರು ಬಣ್ಣದ ಟ್ಯೂಬುಗಳ ದಾಸ್ತಾನು ಮಾಡಿಡುವುದೂ ಇದಕ್ಕೇ: ಬೇರೆ ತಯಾರಕರ ಕೆಂಪು ಒಂದು ಗೆರೆ ಕಿತ್ತಳೆಗೆ ವಾಲಿದರೂ ಜೋಡಿಯಲ್ಲಿ ಎದ್ದು ಕಾಣುತ್ತದೆ. ಒಂದು ಸುಟ್ಟರೆ ಹಳೆಯ ಮೂರರ ಪಕ್ಕ ಹೊಸದು ಪ್ರಖರವಾಗಿ ಉರಿಯುತ್ತದೆ, ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಹಳೇ ಚೋಕಿನ ಗುಂಯ್‌ಗುಡುವಿಕೆ ಬಾರಿನ ಗದ್ದಲದಲ್ಲಿ ಕೇಳದು, ಮ್ಯೂಸಿಯಮ್ಮಿನಲ್ಲಿ ಕೇಳುತ್ತದೆ.

ಶಿಲ್ಪಿ ಫಾರೆಸ್ಟ್ ಮೈಯರ್ಸ್ ತಂದದ್ದು ಇನ್ನೂ ವಿಚಿತ್ರ. ತನ್ನ ಸ್ಟುಡಿಯೋದಿಂದ ಲೇಸರ್ ಕಿರಣ ಬಿಟ್ಟು, ಕನ್ನಡಿಯಿಂದ ತಿರುಗಿಸಿ ಮ್ಯಾಕ್ಸಸ್ ಒಳಕ್ಕೆ ಹಾಯಿಸಿದ. ಆ ಕಿರಣ ಗೆರೆಯಾಗಿ ಕಾಣಲು ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು. ಸಿಗರೇಟಿನ ಹೊಗೆಗೆ ಅಲ್ಲಿ ಬರವಿರಲಿಲ್ಲ. ಇಂಥದ್ದರಲ್ಲಿ ಕೈಕೊಡುವುದು ಕನ್ನಡಿಯ ಹಿಡಿಕೆ. ಕನ್ನಡಿ ಒಂದು ಡಿಗ್ರಿ ಅಲುಗಿದರೆ ಕಿರಣ ಎರಡು ಡಿಗ್ರಿ ತಿರುಗುತ್ತದೆ, 30 ಮೀಟರ್ ಆಚೆಗೆ ಅದು ಒಂದು ಮೀಟರಿಗೂ ಹೆಚ್ಚು. ಲಾರಿ ಹೋದ ಅದುರಿಗೇ ಗುರಿ ತಪ್ಪಬಹುದು.

ಜಾನ್ ಚೇಂಬರ್ಲಿನ್‌ನ ಮುದ್ದೆಮಾಡಿದ ತಗಡಿನ ಶಿಲ್ಪ ಓಡಾಡುವ ದಾರಿಯಲ್ಲೇ ಇತ್ತು. ಜನರ ಬಟ್ಟೆ ಅದರ ಅಂಚಿಗೆ ಸಿಕ್ಕಿ ಹರಿಯುತ್ತಿತ್ತು. ಕಲೆಯನ್ನು ಹಗ್ಗದಾಚೆ ಇಡದೆ ಊಟದ ನಡುವೆ ಇಟ್ಟದ್ದು ರಸ್ಕಿನ್‌ನ ದೊಡ್ಡ ಗುಣ ಅಂತ ನನ್ನ ಅನಿಸಿಕೆ, ಆದರೆ ಕಲೆಗೆ ಅದರಿಂದ ಒಳ್ಳೆಯದಾಗುವುದಿಲ್ಲ ಅನ್ನುವುದೂ ನಿಜ. ನಿಕೋಟಿನ್ ಜಿಗುಟಾದ ಹಳದಿ ಪೊರೆ ಕಟ್ಟುತ್ತದೆ. ವಾರ್ನಿಶ್ ಇರುವ ತೈಲಚಿತ್ರದ ಮೇಲಿಂದ ಅದನ್ನು ಬಲ್ಲವರು ತೆಗೆದಾರು. ಆ ಕಾಲದ ಎಷ್ಟೋ ಚಿತ್ರಗಳು ಲೇಪವಿಲ್ಲದ ಹಸಿ ಕ್ಯಾನ್ವಾಸಿಗೆ ತೆಳುಬಣ್ಣ ಇಂಗಿಸಿ ಮಾಡಿದಂಥವು. ಅಲ್ಲಿ ಜಿಡ್ಡು ನೂಲಿನೊಳಕ್ಕೇ ಇಳಿಯುತ್ತದೆ, ಒರೆಸಿದರೆ ಇನ್ನಷ್ಟು ಒಳಕ್ಕೆ. ಬಾರಿನಲ್ಲಿ ತೂಗುಹಾಕುವುದೇ ಆದರೆ ಅಡುಗೆಮನೆ ಬಾಗಿಲಿನ ಎದುರು ಬೇಡ, ಚಿತ್ರದ ಕೆಳ ಅಂಚು ನೆಲದಿಂದ 120 ಸೆಂ.ಮೀ. ಮೇಲಿರಲಿ. ಕುರ್ಚಿಯ ಬೆನ್ನು 90ರ ಆಸುಪಾಸು ಇರುತ್ತದೆ, ಎದ್ದು ಹಿಂದಕ್ಕೆ ತಳ್ಳುವವರು ನೋಡಿ ತಳ್ಳುವುದಿಲ್ಲ.

ಬಾಗಿಲಲ್ಲಿ ನಿಯಮ ತಲೆಕೆಳಗು. ಕೆದರಿದ ಕೂದಲಿನ ರಸ್ಕಿನ್ ತಾನೇ ನಿಂತು ನೋಡಿ, ಸೂಟುಬೂಟಿನವರನ್ನು ವಾಪಸು ಕಳಿಸಿ, ಬಣ್ಣ ಮೆತ್ತಿದ ಪ್ಯಾಂಟಿನವರನ್ನು ಒಳಗೆ ಬಿಡುತ್ತಿದ್ದ. ಹಾರ್ವರ್ಡಿನಲ್ಲಿ ಓದಿದ ಡೊರಥಿ ಡೀನ್ ಕೂಡ ಆ ಬಾಗಿಲು ಕಾದವಳೇ. ಮುಂದಿನ ಬಾರು ಚಿತ್ರಕಾರ, ಶಿಲ್ಪಿಗಳದು. ಹಿಂದಿನ ಕೆಂಪು ಕೋಣೆ ವಾರ್ಹಾಲ್ ಬಳಗದ್ದು. 1968ರಲ್ಲಿ ವಾರ್ಹಾಲ್‌ನ ‘ಫ್ಯಾಕ್ಟರಿ’ ಎಂಬ ಸ್ಟುಡಿಯೋ ಹತ್ತಿರದ ಯೂನಿಯನ್ ಸ್ಕ್ವೇರಿಗೇ ಬಂತು. ಆ ಜೂನ್ 3ರಂದು ಅಲ್ಲೇ ಅವನಿಗೆ ಗುಂಡು ಬಿತ್ತು, ಆಮೇಲೆ ಅವನ ತಿರುಗಾಟವೇ ಕಡಿಮೆಯಾಯಿತು.

ಮೇಲಿನ ಅಂತಸ್ತಿಗೆ ಸಂಗೀತ ಬಂತು. 1970ರ ಬೇಸಿಗೆಯಿಡೀ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡ ಅಲ್ಲಿ ನುಡಿಸಿತು. ಆಗಸ್ಟ್ 23ರ ರಾತ್ರಿ ವಾರ್ಹಾಲ್ ಬಳಗದ ಬ್ರಿಜಿಡ್ ಪೋಕ್ ಮೇಜಿನ ಮೇಲೆ ಕ್ಯಾಸೆಟ್ ರೆಕಾರ್ಡರ್ ಇಟ್ಟು ಹಿಡಿದದ್ದೇ ಎರಡು ವರ್ಷದ ಮೇಲೆ ಧ್ವನಿಮುದ್ರಿಕೆಯಾಯಿತು. 1973ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಬಾಬ್ ಮಾರ್ಲಿಯ ತಂಡ ಒಂದೇ ವೇದಿಕೆ ಹಂಚಿಕೊಂಡವು. ಆದರೆ ಉದ್ರಿಯ ಭಾರ ಇಳಿಯಲಿಲ್ಲ. 1974ರ ಕೊನೆಗೆ ರಸ್ಕಿನ್ ಬಾಗಿಲು ಮುಚ್ಚಿದ. ಮರುವರ್ಷ ಬೇರೆಯವರು ಅದೇ ಹೆಸರಲ್ಲಿ ತೆರೆದು ಪಂಕ್ ಸಂಗೀತದ ತಾಣವಾಗಿ 1981ರವರೆಗೆ ನಡೆಸಿದರು. ಅದು ಬೇರೆಯದೇ ಕಥೆ.

ರಸ್ಕಿನ್ ಆಮೇಲೂ ಸುಮ್ಮನಿರದೆ ಒನ್ ಯೂನಿವರ್ಸಿಟಿ ಪ್ಲೇಸ್‌ನಲ್ಲಿ ಮತ್ತೊಂದು ಬಾರು ನಡೆಸಿದ. 1983ರಲ್ಲಿ, ಐವತ್ತರ ಹೊತ್ತಿಗೆ ತೀರಿಕೊಂಡ. ಅವನ ಬಾಳಗೆಳತಿ ಇವಾನ್ ಸೂಯೆಲ್-ರಸ್ಕಿನ್ ಮುಂದೆ ಮ್ಯಾಕ್ಸಸ್ ಹೆಸರಲ್ಲೇ ಒಂದು ಸಂಸ್ಥೆ ಕಟ್ಟಿದಳು. ತೊಂದರೆಗೆ ಸಿಕ್ಕ ಕಲಾವಿದರಿಗೆ ಅದು ಕೊಡುವುದು ತುರ್ತು ಧನಸಹಾಯ. ಚಿತ್ರ ತರಬೇಕಿಲ್ಲ.