ಗ್ಯೋಜಾ ಮಡಿಸಿದ ಶನಿವಾರ

ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ ತೊಗರಿಬೇಳೆಗಾಗಲಿ ಹುಣಸೆಹಣ್ಣಿಗಾಗಲಿ ಕೊರತೆಯಿಲ್ಲ. ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಬಡಾವಣೆಯಾದ್ದರಿಂದ, ದಿನವೂ ಸಾರು-ಪಲ್ಯ ಮಾಡಿಕೊಂಡು ಜಪಾನಿನಲ್ಲಿರುವುದನ್ನೇ ಮರೆತು ಇಲ್ಲಿ ಬದುಕಬಹುದು. ನಮ್ಮ ಮನೆಯಲ್ಲಿಯೂ ಬಹುಕಾಲ ಹಾಗೆಯೇ ನಡೆದಿತ್ತು. ಎರಡನೆಯ ತರಗತಿಯ ಮಗಳು ಒಂದು ಸಂಜೆ, "ಶಾಲೆಯಲ್ಲಿ ನಾನೇ ಎಲ್ಲರಿಗೂ ಬಡಿಸ್ತೀನಿ, ಮನೇಲಿ ಮಾತ್ರ ಒಲೆ ಹತ್ತಿರ ಬರಬೇಡ ಅಂತೀಯಲ್ಲಮ್ಮ" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯ ಪ್ರಕಾರ ಬಿಳಿ ನಿಲುವಂಗಿ, ಟೋಪಿ, ಮಾಸ್ಕ್ ತೊಟ್ಟು ತರಗತಿಗೆ ತಂದು ಬಡಿಸುತ್ತಾರೆ. ಐದನೆಯ ತರಗತಿಯಿಂದ ಗೃಹವಿಜ್ಞಾನ ಎಲ್ಲ ಹುಡುಗರಿಗೂ ಹುಡುಗಿಯರಿಗೂ ಕಡ್ಡಾಯವಾಗಿದ್ದು, ಅನ್ನ ಮತ್ತು ಮಿಸೊ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಸೂಪು ಮಾಡಲು ಕಲಿಯುವುದು ಆ ಪಠ್ಯದ ಭಾಗವೇ ಆಗಿದೆ. ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಒಂದು ಮೂಲ ಕಾನೂನು ಮಾಡಿಕೊಂಡ ದೇಶವಿದು. ಇಂಥ ಊರಿನಲ್ಲಿ ಮಕ್ಕಳನ್ನು ಅಡುಗೆಮನೆಯ ಹೊಸಿಲಾಚೆ ನಿಲ್ಲಿಸುವುದು ನನಗೇ ವಿಚಿತ್ರವಾಗಿ ತೋರತೊಡಗಿತು. ಶಿವಮೊಗ್ಗದಿಂದ ಅತ್ತೆಯವರೂ ಬಂದಿದ್ದರು, ಶನಿವಾರವೂ ಹತ್ತಿರವಿತ್ತು. ಗ್ಯೋಜಾ ಮಾಡೋಣವೆಂದು ನಿಶ್ಚಯಿಸಿದೆವು.

ಗ್ಯೋಜಾ ಎಂದರೆ ತೆಳ್ಳಗಿನ ಗೋಧಿ ಹಾಳೆಯಲ್ಲಿ ಹೂರಣವಿಟ್ಟು, ಅಂಚನ್ನು ನೆರಿಗೆ ಹಿಡಿದು ಮುಚ್ಚಿ, ತಳವನ್ನು ಗರಿಗರಿಯಾಗಿ ಕಾಯಿಸುವ ಕಡುಬು. ಮೂಲ ಚೀನಾದ್ದು, ಎರಡನೆಯ ಮಹಾಯುದ್ಧದ ನಂತರ ಮಂಚೂರಿಯದಿಂದ ಹಿಂದಿರುಗಿದ ಜಪಾನೀಯರ ಮೂಲಕ ಮನೆಮನೆಗೂ ಹಬ್ಬಿತು. ಒಂದು ಕುಟುಂಬ ವರ್ಷಕ್ಕೆ ಗ್ಯೋಜಾಕ್ಕಾಗಿ ಎಷ್ಟು ಖರ್ಚು ಮಾಡುತ್ತದೆ ಎಂಬ ಸರ್ಕಾರಿ ಲೆಕ್ಕವನ್ನು ಹಿಡಿದುಕೊಂಡು ಉತ್ಸುನೊಮಿಯಾ ಮತ್ತು ಹಮಾಮತ್ಸು ನಗರಗಳು ಮೊದಲ ಸ್ಥಾನಕ್ಕಾಗಿ ಪೈಪೋಟಿ ನಡೆಸುತ್ತಿದ್ದವು, ಇತ್ತೀಚೆಗೆ ಮಿಯಾಝಾಕಿಯೂ ಅದರಲ್ಲಿ ಸೇರಿಕೊಂಡಿದೆ. ಕಡುಬಿಗಾಗಿ ಊರು ಊರು ಸ್ಪರ್ಧೆಗಿಳಿಯುವುದನ್ನು ಕೇಳಿ ಅತ್ತೆ ಮನಸಾರೆ ನಕ್ಕರು.

ಮಕ್ಕಳೊಂದಿಗೆ ಮಾಡುವ ಸುಲಭದ ಅಡುಗೆಯೆಂದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವಂಥದ್ದು ಎಂದು ಬಹಳ ಮಂದಿ ತಿಳಿದಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಂಥ ಅಡುಗೆಯಲ್ಲಿ ಒಬ್ಬರು ಉರಿಯೆದುರು ನಿಂತಿರುತ್ತಾರೆ, ಉಳಿದವರು "ಆಯ್ತಾ, ಆಯ್ತಾ" ಎಂದು ಕೇಳುತ್ತಿರುತ್ತಾರೆ. ಗ್ಯೋಜಾಕ್ಕೆ ಒಂದೂವರೆ ಗಂಟೆಯೇ ಬೇಕಾದರೂ ಅದರ ಬಹುಪಾಲು ಉರಿಯಿಂದ ದೂರ, ಮೇಜಿನ ಸುತ್ತ ಕುಳಿತು ಕೈಯಲ್ಲಿ ಮಾಡುವ ಕೆಲಸ. ಐದು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಅದರಲ್ಲಿ ಪಾಲಿರುತ್ತದೆ.

ನಿಜವಾದ ತೊಡಕು ಇರುವುದು ಸಸ್ಯಾಹಾರಿಗಳ ಖರೀದಿಯಲ್ಲಿ. ಹಾಳೆಗಳು ಸೂಪರ್‌ಮಾರ್ಕೆಟ್ಟಿನ ತಂಪು ವಿಭಾಗದಲ್ಲಿ ದುಂಡಗೆ ಕತ್ತರಿಸಿದ ರೂಪದಲ್ಲಿಯೇ ದೊರೆಯುತ್ತವೆ, ಅವುಗಳದು ಚಿಂತೆಯಿಲ್ಲ. ಆದರೆ ಮಿಸೊದ ಹಲವು ಡಬ್ಬಿಗಳಲ್ಲಿ ಒಣಮೀನಿನ ಸಾರವನ್ನು ಮೊದಲೇ ಬೆರೆಸಿರುತ್ತಾರೆ. ಸಾಧುವೆಂದು ತೋರುವ ಸಾಸುಗಳಲ್ಲಿ ಹಂದಿಮಾಂಸದ ಸಾರ "ಪೋಕು ಎಕಿಸು" ಎಂದು ಕತಕಾನಾ ಲಿಪಿಯಲ್ಲಿ ಅಡಗಿರುತ್ತದೆ. ಮಾಂಸ, ಮೀನು ಎಂಬ ಎರಡೂ ಕಂಜಿ (ಚೀನೀ ಮೂಲದ) ಅಕ್ಷರಗಳು ಎರಡನೆಯ ತರಗತಿಯ ಪಾಠದಲ್ಲಿಯೇ ಬರುವುದರಿಂದ ಆ ದಿನ ಲೇಬಲ್ ಓದುವ ಹೊಣೆ ಮಗಳದಾಯಿತು. ಒಂದೊಂದೇ ಡಬ್ಬಿಯನ್ನು ತಿರುಗಿಸಿ, ಬೆರಳಿಟ್ಟು ಓದಿ, "ಅಜ್ಜಿ, ಇದು ಬೇಡ" ಎಂದು ತೀರ್ಪು ಕೊಡುತ್ತಿದ್ದ ಅವಳನ್ನು ಅತ್ತೆ ಯಾವ ಪಂಡಿತರಿಗೂ ತೋರದ ಗೌರವದಿಂದ ಹಿಂಬಾಲಿಸಿದರು.

ಹೂರಣಕ್ಕೆ ಎಲೆಕೋಸು, ಗಟ್ಟಿ ತೋಫು, ನೆನೆಸಿದ ಶಿಟಾಕೆ ಅಣಬೆ, ಶುಂಠಿ, ಸೋಯಾ ಸಾಸ್, ಎಳ್ಳೆಣ್ಣೆ. ಅಣಬೆಗೆ ಅತ್ತೆಯವರ ಅಡ್ಡಿಯಿರಲಿಲ್ಲ, ಬೆಳ್ಳುಳ್ಳಿ ಮಾತ್ರ ಕೂಡದು; ಹಾಗಾಗಿ ಅವರ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದಕ್ಕೆ ಬೆಳ್ಳುಳ್ಳಿಯನ್ನೂ ಅದರದೇ ಘಾಟಿರುವ ನಿರಾ ಸೊಪ್ಪನ್ನೂ ಸೇರಿಸಿದೆ. ಅಣಬೆ ನೆನೆಸಿದ ನೀರು ಕೊಂಬು ಎಂಬ ಕಡಲಪಾಚಿಯ ಒಂದು ತುಂಡಿನೊಂದಿಗೆ ಮಿಸೊ ಸೂಪಿಗೆ ಹೋಯಿತು. ಈ ಪಾಚಿಯ ರುಚಿಗೆ ಗ್ಲುಟಮೇಟ್ ಕಾರಣವೆಂದು 1908ರಲ್ಲಿ ಕಂಡುಕೊಂಡವರು ಟೋಕಿಯೊದಲ್ಲಿಯೇ ಪ್ರಾಧ್ಯಾಪಕರಾಗಿದ್ದ ಕಿಕುನಾಯೆ ಇಕೆದಾ ಎಂಬ ರಸಾಯನ ವಿಜ್ಞಾನಿ. ಮೀನಿಲ್ಲದೆಯೂ ಸೂಪು ಸಪ್ಪೆಯಾಗದಿರುವುದು ಅದರಿಂದಲೇ.

ಎಲೆಕೋಸು ಹೆಚ್ಚುವಾಗ ಮಗಳಿಗೆ ಮೊನೆ ದುಂಡಗಿರುವ ಮಕ್ಕಳ ಚಾಕುವನ್ನು ಕೊಟ್ಟೆ. ತರಕಾರಿ ಹಿಡಿಯುವ ಕೈಯ ಬೆರಳುಗಳನ್ನು ಬೆಕ್ಕಿನ ಪಂಜದ ಹಾಗೆ ಒಳಕ್ಕೆ ಮಡಚಿಕೊಳ್ಳಬೇಕೆಂದು ಇಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಅವಳು ಹಾಗೆಯೇ ಮಡಚಿ, "ಮ್ಯಾವ್" ಎನ್ನುತ್ತ ಹೆಚ್ಚಿದಳು. ಹೋಳುಗಳು ಒಂದೇ ಅಳತೆಯಲ್ಲಿರಲಿಲ್ಲ. ಹೂರಣದೊಳಗೆ ಅದನ್ನು ನೋಡುವವರು ಯಾರು? ಹೆಚ್ಚಿದ ಎಲೆಕೋಸಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಹತ್ತು ನಿಮಿಷ ಬಿಟ್ಟು, ನೀರನ್ನು ಚೆನ್ನಾಗಿ ಹಿಂಡಬೇಕು. ನೀರು ಉಳಿದರೆ ಹಾಳೆ ನೆನೆದು ಹರಿಯುತ್ತದೆ. ಹಿಂಡುವ ಕೆಲಸಕ್ಕೆ ಮಗಳೂ ಮಗನೂ ಇಬ್ಬರೂ ಮುಗಿಬಿದ್ದರು. ಬೆರಳ ಸಂದಿಯಿಂದ ಹಸಿರು ನೀರು ಬಟ್ಟಲಿಗೆ ಸುರಿಯುವಾಗ ಮಗ ಮೈಮರೆತು ಕೂಗುತ್ತಿದ್ದ.

ಅವನಿಗೆಂದೇ ಒಂದು ಕೆಲಸವನ್ನು ತೆಗೆದಿರಿಸಿದ್ದೆ. ಸೌತೆಕಾಯಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಜಜ್ಜಿ, ಕೈಯಿಂದ ಮುರಿದು, ಉಪ್ಪು, ಎಳ್ಳೆಣ್ಣೆ, ಹುರಿದ ಎಳ್ಳು ಬೆರೆಸುವುದು ಇಲ್ಲಿ ಮನೆಮನೆಯ ವ್ಯಂಜನ. ಜಜ್ಜಿದಾಗ ಸೀಳುವ ಒರಟು ಅಂಚುಗಳು ಚಾಕುವಿನಿಂದ ಹೆಚ್ಚಿದ ನುಣುಪು ಬಿಲ್ಲೆಗಳಿಗಿಂತ ಚೆನ್ನಾಗಿ ಉಪ್ಪು-ಎಣ್ಣೆಯನ್ನು ಹಿಡಿಯುತ್ತವೆ. ಕೆಳಗಿನ ಮನೆಯವರ ನೆಮ್ಮದಿಗಾಗಿ ಮಣೆಯ ಕೆಳಗೆ ಮಡಿಸಿದ ಟವೆಲ್ ಹಾಕಿದೆವು.

ಮಡಿಸುವ ಹೊತ್ತಿಗೆ ಮೇಜಿನ ಯಜಮಾನಿಕೆ ಅತ್ತೆಯವರ ಕೈಗೆ ಹೋಯಿತು. ಹಾಳೆಯ ನಡುವೆ ಒಂದು ಚಮಚ ಹೂರಣ, ಅಂಚಿಗೆ ಒದ್ದೆ ಬೆರಳು, ಮುಂದಿನ ಅಂಚಿಗೆ ಮಾತ್ರ ನೆರಿಗೆ ಎಂಬುದು ನಾನು ಕಲಿತ ಕ್ರಮ. ಅತ್ತೆ ಒಂದನ್ನು ಹಾಗೆ ಮಾಡಿ ನೋಡಿ, ಎರಡನೆಯದಕ್ಕೆ ಕರ್ಜಿಕಾಯಿಯ ಅಂಚನ್ನು ಮುರಿಯುವ ಹಾಗೆ ತುದಿಯಿಂದ ತುದಿಗೆ ಸರಸರನೆ ಮುರಿದು ಮುಗಿಸಿದರು. ಮಗಳು ನಾಲಿಗೆ ಕಚ್ಚಿಕೊಂಡು ನೆರಿಗೆ ಎಣಿಸಿದಳು. ಮಗ ಎರಡು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಹಾರುವ ತಟ್ಟೆ ಎಂದ. ನಾನು ಅದನ್ನು ಸರಿಪಡಿಸಲು ಕೈ ಚಾಚಿದಾಗ ಅತ್ತೆ, "ಬಿಡೇ, ಅವನೇ ತಿನ್ನೋದಲ್ವಾ" ಎಂದರು.

ಕಾಯಿಸುವುದು ಮಾತ್ರ ದೊಡ್ಡವರ ಕೆಲಸ, ಅದರಲ್ಲಿ ರಾಜಿಯಿಲ್ಲ. ಊಟದ ಮೇಜಿನ ಮೇಲೆಯೇ ವಿದ್ಯುತ್ ಹಾಟ್‌ಪ್ಲೇಟ್ ಇಟ್ಟು, ಎಣ್ಣೆ ಸವರಿ, ಸಾಲಾಗಿ ಜೋಡಿಸಿ, ತಳ ಕೆಂಪಗಾದೊಡನೆ ಅರ್ಧ ಲೋಟ ಬಿಸಿನೀರು ಸುರಿದು ಥಟ್ಟನೆ ಮುಚ್ಚಬೇಕು. ಆ ಕ್ಷಣ ಎಣ್ಣೆ-ನೀರು ಚಟಪಟನೆ ಸಿಡಿಯುವುದರಿಂದ ಮಕ್ಕಳಿಬ್ಬರೂ ಕುರ್ಚಿಗಳನ್ನು ಗೋಡೆಗೆ ಸರಿಸಿಕೊಂಡಿದ್ದರು. ಐದು ನಿಮಿಷ ಆವಿಯಲ್ಲಿ ಬೆಂದ ಮೇಲೆ ಮುಚ್ಚಳ ತೆಗೆದು ನೀರು ಆರುವವರೆಗೆ ಬಿಟ್ಟರೆ ತಳ ಮತ್ತೆ ಗರಿಯಾಗುತ್ತದೆ. ಅಷ್ಟರಲ್ಲಿ ಮಗಳು ಉರಿ ಆರಿಸಿದ ಪಾತ್ರೆಯಲ್ಲಿ ಮಿಸೊವನ್ನು ಸೌಟಿನೊಳಗಿಟ್ಟು ಕಡ್ಡಿಗಳಿಂದ ಕದಡಿದಳು. ಮಿಸೊ ಹಾಕಿದ ಮೇಲೆ ಕುದಿಸಿದರೆ ಪರಿಮಳ ಹೋಗುತ್ತದೆ.

ಎಲೆಕೋಸಿನ ಪಲ್ಯವೆಂದರೆ ಮುಖ ತಿರುಗಿಸುವ ಮಗ ಅಂದು ತಾನು ಮಡಿಸಿದ್ದನ್ನೆಲ್ಲ ಹುಡುಕಿ ಹುಡುಕಿ ತಿಂದ. ಅತ್ತೆಯವರ ಕರ್ಜಿಕಾಯಿ ಅಂಚಿನವು ಒಂದೂ ಬಿಚ್ಚಿಕೊಳ್ಳಲಿಲ್ಲ, ಆದರೆ ಅಂಚು ದಪ್ಪವಾಗಿ ಸ್ವಲ್ಪ ಗಟ್ಟಿಯೆನಿಸಿತು. ಅದನ್ನು ಅವರೇ ಮೊದಲು ಹೇಳಿದರು.

ಶಿವಮೊಗ್ಗಕ್ಕೆ ಮರಳಿದ ಮೇಲೆ ಅವರು ನಾದಿನಿಯ ಮಕ್ಕಳನ್ನು ಕೂರಿಸಿಕೊಂಡು ಇದನ್ನೇ ಮಾಡಿದರಂತೆ. ಅಲ್ಲಿ ಹಾಳೆ ಸಿಗದ ಕಾರಣ ಮೈದಾಹಿಟ್ಟಿಗೆ ಉಪ್ಪು, ಬಿಸಿನೀರು ಹಾಕಿ ಕಣಕ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಮಕ್ಕಳ ಕೈಯಲ್ಲಿಯೇ ಲಟ್ಟಿಸಿದ್ದಾರೆ. "ಅಣಬೆ ಬದಲು ಕ್ಯಾರೆಟ್ ತುರಿದು ಹಾಕಿದೆ, ಇಡ್ಲಿ ಪಾತ್ರೇಲಿ ಬೇಯಿಸಿ ಆಮೇಲೆ ಕಾವಲಿ ಮೇಲೆ ಕೆಂಪಗೆ ಮಾಡಿದೆ, ಕೋಸನ್ನು ಹಿಂಡೋದಂತೂ ಬಿಡಲಿಲ್ಲ" ಎಂದು ಫೋನಿನಲ್ಲಿ ಹೇಳಿ, ಸೋಯಾ ಸಾಸಿಗೆ ವಿನೆಗರ್ ಎಷ್ಟು ಬೆರೆಸಬೇಕೆಂದು ಕೇಳಿದರು. ಸಮಸಮ ಎಂದು ಹೇಳಿದೆ.