ವಾಕಾಚೀನಾದ ಮರಳಿಗೆ ಹೋಗುವವರು ಪ್ಯಾಕೇಜ್ ತಗೊಳ್ಳಬೇಡಿ

ಬಗ್ಗಿ, ಅಂದರೆ ಮರಳಿನ ಮೇಲೆ ಓಡುವ ತೆರೆದ ಗಾಡಿ, ಮರಳು ದಿಬ್ಬದ ಬುಡದಲ್ಲಿ ನಿಂತಿತು. ಒಬ್ಬ ರಸೀದಿ ಪುಸ್ತಕ ಹಿಡಿದು ಬಂದು ದಿಬ್ಬದ ಪ್ರವೇಶ ಶುಲ್ಕ ಕೊಡಿ ಎಂದ. ನಮಗೆ ಟಿಕೆಟ್ ಮಾರಿದವನು "ಎಲ್ಲಾ ಸೇರಿದೆ" ಎಂದು ಎರಡು ಸಲ ಹೇಳಿದ್ದ. ದುಡ್ಡು ದೊಡ್ಡದಲ್ಲ, ಕೆಲವೇ ಸೋಲ್ (ಪೆರು ದೇಶದ ದುಡ್ಡು). ಆದರೆ ಪಕ್ಕದ ಸೀಟಿನವರು ಇದೇ ಬಗ್ಗಿಗೆ ತಲೆಗೆ 40 ಸೋಲ್ ಕೊಟ್ಟಿದ್ದರು, ನಾವು 60 ಕೊಟ್ಟಿದ್ದೆವು. ನಾವು ಹೋದಾಗ ಒಂದು ಸೋಲ್‌ಗೆ 22 ರೂಪಾಯಿ ಆಸುಪಾಸು ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾಕಾಚೀನಾ ಇರುವುದು ಪೆರು ದೇಶದಲ್ಲಿ. ಸುತ್ತ ಎತ್ತರದ ಮರಳು ದಿಬ್ಬಗಳು, ನಡುವೆ ಒಂದು ಪುಟ್ಟ ಕೆರೆ, ಕೆರೆಯ ಸುತ್ತ ಈಚಲಿನಂಥ ಮರಗಳು. ಅವರ ಹಳೆಯ 50 ಸೋಲ್ ನೋಟಿನ ಹಿಂಬದಿಯಲ್ಲಿ ಇದರದ್ದೇ ಚಿತ್ರ ಇದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಅನುಕೂಲ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಇನ್ನೂ 6 ತಿಂಗಳು ಉಳಿದಿದ್ದರೆ ಪೆರುವಿಗೆ ಬೇರೆ ವೀಸಾ ಬೇಕಿಲ್ಲ. ನಾನು ಟೆಕ್ಸಾಸ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅಲ್ಲಿಂದಲೇ ಇಬ್ಬರೂ ಹೊರಟೆವು.

ರಾಜಧಾನಿ ಲಿಮಾದ ಹೋಟೆಲುಗಳಲ್ಲಿ ವಾಕಾಚೀನಾಕ್ಕೆ ಒಂದೇ ದಿನದ ಪ್ಯಾಕೇಜ್ ಮಾರುತ್ತಾರೆ. ಬೆಳಗಿನ ಜಾವ ಕರೆದುಕೊಂಡು ಹೋಗಿ ರಾತ್ರಿ ತಂದು ಬಿಡುತ್ತಾರೆ. ದಯವಿಟ್ಟು ತಗೊಳ್ಳಬೇಡಿ. ಲಿಮಾದಿಂದ ವಾಕಾಚೀನಾ ಪಕ್ಕದ ಇಕಾ ಪಟ್ಟಣ ಸುಮಾರು 300 ಕಿಲೋಮೀಟರ್. ಹೋಗಿ ಬರುವುದರಲ್ಲೇ ಹತ್ತು ಗಂಟೆ ಬಸ್ಸಿನಲ್ಲಿ ಕಳೆಯುತ್ತದೆ, ಮರಳಿನ ಮೇಲೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ.

ಇನ್ನು ಬಸ್ಸು. ಲಿಮಾದಲ್ಲಿ ನಮ್ಮ ಮೆಜೆಸ್ಟಿಕ್ ತರಹ ಎಲ್ಲಾ ಬಸ್ಸೂ ಒಂದೇ ಕಡೆ ಸಿಗುವುದಿಲ್ಲ. ಹೆಚ್ಚಿನ ಕಂಪನಿಗಳಿಗೆ ತಮ್ಮದೇ ನಿಲ್ದಾಣ ಇದೆ. ನಾವು ಇಪ್ಪತ್ತು ಸೋಲ್ ಉಳಿಸಲು ಹೋಗಿ ಕಡಿಮೆ ದರದ ಬಸ್ ಹತ್ತಿದೆವು. ನೇರ ಹೋಗುತ್ತದೆ ಎಂದಿದ್ದರು, ಕೈ ತೋರಿಸಿದಲ್ಲೆಲ್ಲಾ ನಿಂತಿತು. ನಾಲ್ಕೂವರೆ ಗಂಟೆಯ ದಾರಿಗೆ ಏಳು ಗಂಟೆ ಹಿಡಿಯಿತು. ಕಿಟಕಿ ತೆಗೆಯಲು ಬರುತ್ತಿರಲಿಲ್ಲ, ಎಸಿ ಇರಲಿಲ್ಲ. ಸೀಟಿನ ಮೇಲಿನ ಲಗೇಜ್ ಹಲಗೆಯಲ್ಲಿಟ್ಟಿದ್ದ ತಮ್ಮನ ಸಣ್ಣ ಬ್ಯಾಗು ಇಳಿಯುವಾಗ ಇರಲಿಲ್ಲ. ಅದರಲ್ಲಿ ಚಾರ್ಜರ್, ಕನ್ನಡಕ, ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಇತ್ತು. ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಲ್ಲಿತ್ತು, ಅಷ್ಟೇ ಸಮಾಧಾನ. ಈ ದಾರಿಯಲ್ಲಿ ಒಳ್ಳೆಯ ಬಸ್ಸಿಗೇ ದುಡ್ಡು ಕೊಡಿ. ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಳ್ಳಿ.

ಉಳಿಯುವುದು ಇಕಾ ಪಟ್ಟಣದಲ್ಲೇ ಇರಲಿ. ಕೆರೆಯ ದಡದ ಹಾಸ್ಟೆಲ್‌ನಲ್ಲಿ ನಾವು ಮೊದಲ ರಾತ್ರಿ ಇದ್ದೆವು. ಅದು ಶನಿವಾರ. ಬೆಳಗಿನ ಮೂರರವರೆಗೂ ಡಿಸ್ಕೋ ಸದ್ದಿಗೆ ಗೋಡೆ ನಡುಗುತ್ತಿತ್ತು. ನನಗೆ ಗದ್ದಲ ಸ್ವಲ್ಪವೂ ಆಗುವುದಿಲ್ಲ. ಪಾರ್ಟಿ ಇಷ್ಟಪಡುವ ಹುಡುಗರಿಗೆ ಅದೇ ಜಾಗ ಹಿಡಿಸಬಹುದು. ಮರುದಿನ ಇಕಾದಲ್ಲಿ ಅರ್ಧ ಬೆಲೆಗೆ ಶುಚಿಯಾದ ರೂಮು, ಬಿಸಿನೀರು ಎರಡೂ ಸಿಕ್ಕಿತು. ಅಲ್ಲಿಂದ ಕೆರೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ. ಮೋಟೋಟ್ಯಾಕ್ಸಿ ಅಂದರೆ ನಮ್ಮ ಆಟೋನೇ. ಹತ್ತುವ ಮೊದಲೇ ದರ ಮಾತಾಡಿ.

ಇಕಾದಲ್ಲಿ ಉಳಿಯಲು ಇನ್ನೊಂದು ಕಾರಣ ಊಟ. ಮಾರುಕಟ್ಟೆ ಪಕ್ಕದ ಬೀದಿಯಲ್ಲಿ ಆರು ಮೇಜಿನ ಒಂದು ಸಣ್ಣ ಹೋಟೆಲು. ಮಧ್ಯಾಹ್ನ "ಮೆನು" ಎಂದು ಕೇಳಿದರೆ ಸಾಕು, ಸೂಪು, ಅನ್ನದ ತಟ್ಟೆ, ಕುಡಿಯಲು ನೇರಳೆ ಮುಸುಕಿನ ಜೋಳದ ಚಿಚಾ ಮೊರಾದಾ, ಎಲ್ಲಾ ಸೇರಿ ನಾವು ಹೋದಾಗ 12 ಸೋಲ್. ಅಡುಗೆ ಮಾಡುವ ಅಮ್ಮನಿಗೆ ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿಸಲು ಹತ್ತು ನಿಮಿಷ ಬೇಕಾಯಿತು. "ಸಿನ್ ಕಾರ್ನೆ" (ಮಾಂಸ ಇಲ್ಲದ್ದು) ಎಂದು ಕೇಳಿದರೆ ಕೋಳಿ ಬರುತ್ತದೆ, ಅದು ಅವರ ಲೆಕ್ಕದಲ್ಲಿ ಮಾಂಸ ಅಲ್ಲ. "ಸಿನ್ ಪೊಯೊ, ಸಿನ್ ಪೆಸ್ಕಾದೋ" (ಕೋಳಿ ಇಲ್ಲದ್ದು, ಮೀನು ಇಲ್ಲದ್ದು) ಎಂದೂ ಸೇರಿಸಿ. ಸೂಪು ಕೋಳಿಯದ್ದೇ, ಬಿಟ್ಟುಬಿಡಿ. ಆಮೇಲೆ ಆಕೆ ಬಿಸಿ ಅನ್ನದ ಪಕ್ಕ ದೊಡ್ಡ ಬಿಳಿ ಕಾಳಿನ ಗಟ್ಟಿ ಸಾರು ತಂದಿಟ್ಟರು. ಪಾಯಾರೆಸ್ ಅಂತ ಹೆಸರು, ಇಕಾ ಇದಕ್ಕೇ ಹೆಸರುವಾಸಿ. ತಮ್ಮ ಒಂದು ತುತ್ತು ತಿಂದು, "ಅಕ್ಕಾ, ಇದು ನಮ್ಮ ಡಬಲ್ ಬೀನ್ಸ್ ಅಲ್ವಾ!" ಅಂದ. ಹೌದು, ಅದೇ ಜಾತಿಯ ಕಾಳು. ಇಂಗ್ಲಿಷಿನವರು ಲಿಮಾ ಬೀನ್ಸ್ ಅನ್ನುವುದೂ ಈ ದೇಶದ ರಾಜಧಾನಿಯ ಹೆಸರಿನಿಂದಲೇ. ಮೇಲೆ ಹಳದಿ ಮೆಣಸಿನಕಾಯಿಯ ಚಟ್ನಿ, ಹೆಚ್ಚಿದ ಈರುಳ್ಳಿ, ನಿಂಬೆರಸ. ಎರಡು ವಾರದಿಂದ ಬ್ರೆಡ್ಡು ಆಲೂಗಡ್ಡೆ ತಿಂದು ಬೇಸತ್ತಿದ್ದೆವು. ಇಬ್ಬರೂ ಎರಡನೇ ಸಲ ಅನ್ನ ಹಾಕಿಸಿಕೊಂಡೆವು, ಅದಕ್ಕೆ ಆಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಮರುದಿನವೂ ಅಲ್ಲಿಗೇ ಹೋದೆವು. ನಮ್ಮನ್ನು ಕಂಡದ್ದೇ ಕೇಳದೆ ಕಾಳು ಬಿಸಿಗಿಟ್ಟರು.

ಬಗ್ಗಿಗೆ ಹಿಂದಿನ ದಿನ ಬುಕ್ ಮಾಡಬೇಡಿ. ಮಧ್ಯಾಹ್ನ ಮೂರಕ್ಕೆ ಕೆರೆಯ ಬಳಿ ಹೋಗಿ ನಾಲ್ಕು ಜನರನ್ನು ಕೇಳಿ. ಮೂರು ಪ್ರಶ್ನೆ ಮರೆಯಬೇಡಿ: ಎಷ್ಟು ಹೊತ್ತು, ಪ್ರವೇಶ ಶುಲ್ಕ ಸೇರಿದೆಯಾ, ಮರಳಿನ ಮೇಲೆ ಜಾರಲು ಯಾವ ಬೋರ್ಡು. ನಮಗೆ ಎರಡು ಗಂಟೆ ಎಂದವರು ಒಂದು ಗಂಟೆ ಹತ್ತು ನಿಮಿಷಕ್ಕೆ ವಾಪಸ್ ತಂದರು. ಸಂಜೆಯ ಸರದಿಯಲ್ಲಿ ಜನ ಜಾಸ್ತಿ, ಆದರೆ ನಡುಮಧ್ಯಾಹ್ನ ಮರಳಿನ ಮೇಲೆ ಕಾಲಿಡಲಾಗುವುದಿಲ್ಲ. ಹತ್ತುವ ಮೊದಲು ನಿಮ್ಮ ಸೀಟಿನ ಬೆಲ್ಟನ್ನು ಜಗ್ಗಿ ನೋಡಿ. ನನ್ನ ಬೆಲ್ಟಿನ ಕೊಕ್ಕೆ ಸಡಿಲವಾಗಿತ್ತು, ಹಠ ಮಾಡಿ ಸೀಟು ಬದಲಾಯಿಸಿಕೊಂಡೆ. ಬಗ್ಗಿ ದಿಬ್ಬದ ನೆತ್ತಿಯಿಂದ ನೇರ ಕೆಳಗೆ ಧುಮುಕುತ್ತದೆ. ಬೆನ್ನುನೋವು ಇರುವವರು, ಬಸುರಿಯರು ಖಂಡಿತ ಹತ್ತಬಾರದು.

ಬಗ್ಗಿಯವರು ಜಾರಲು ಕೊಡುವುದು ಸಾದಾ ಹಲಗೆ. ತಳಕ್ಕೆ ಮೇಣದಬತ್ತಿ ಉಜ್ಜಿ ಕೊಡುತ್ತಾರೆ. ಪ್ರತಿ ಸಲವೂ ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಅರ್ಧದಲ್ಲೇ ನಿಲ್ಲುತ್ತದೆ. ಹೊಸಬರು ಹೊಟ್ಟೆಯ ಮೇಲೆ ಮಲಗಿ ಜಾರುವುದೇ ಸರಿ. ಮೊಣಕೈ ಹಲಗೆಯ ಒಳಗಿರಲಿ, ಬಾಯಿ ಮುಚ್ಚಿರಲಿ, ಕಾಲು ಅಗಲಿಸಿ ಮರಳಿಗೆ ಒತ್ತಿದರೆ ಅದೇ ಬ್ರೇಕು. ನಾನು ಮೊದಲ ಸಲ ಮೊಣಕೈ ಹೊರಗಿಟ್ಟು ಚರ್ಮ ಸುಲಿಸಿಕೊಂಡೆ. ನಿಂತು ಜಾರುವ ಆಸೆ ಇದ್ದರೆ ಕಾಲಿಗೆ ಪಟ್ಟಿ ಇರುವ ಬೋರ್ಡನ್ನು ಊರೊಳಗೇ ಬಾಡಿಗೆಗೆ ಪಡೆದು ದಿಬ್ಬ ನಡೆದೇ ಹತ್ತಬಹುದು. ಎರಡನೇ ದಿನ ತಮ್ಮ ಹಾಗೇ ಮಾಡಿದ, ಬಗ್ಗಿಗಿಂತ ಅದೇ ಚೆನ್ನಾಗಿತ್ತು ಅಂತಾನೆ. ಫೋನನ್ನು ಜಿಪ್ ಕವರಿನಲ್ಲಿ ಹಾಕಿಡಿ.

ಜುಲೈ 28ರ ಆಸುಪಾಸು ಅವರ ಸ್ವಾತಂತ್ರ್ಯೋತ್ಸವದ ರಜೆ, ಆಗ ರೂಮಿನ ಬೆಲೆ ಏರುತ್ತದೆ. ವಾಪಸಾತಿ ಬಸ್ಸನ್ನು ಭಾನುವಾರ ಸಂಜೆಗೆ ಇಟ್ಟುಕೊಳ್ಳಬೇಡಿ. ವಾರಾಂತ್ಯ ಮುಗಿಸಿದ ಲಿಮಾದವರೆಲ್ಲಾ ಅದೇ ಹೆದ್ದಾರಿಯಲ್ಲಿ ಇರುತ್ತಾರೆ. ನಾವು ಮಂಗಳವಾರ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಲಿಮಾದಲ್ಲಿದ್ದೆವು.