ಪ್ರಚಾರದ ಮಾತಿಗೆ ಲೇಬಲ್ ಹಚ್ಚುವುದು: ಆರನೇ ವಾರ

ಮೊದಲು ಕೆಟ್ಟ ಸುದ್ದಿ. ಐದು ವಾರ ಕೂತು ಹಚ್ಚಿದ ಲೇಬಲ್‌ಗಳನ್ನೆಲ್ಲ ಮೊನ್ನೆ ಅಳಿಸಿಬಿಟ್ಟೆ. ಮತ್ತೆ ಒಂದರಿಂದ ಶುರು.

ಹಿಂದಿನ ಕಂತು ಓದದವರಿಗೆ ಎರಡು ಮಾತು. ಚುನಾವಣೆ ಪೋಸ್ಟರಿನ ಸಾಲು, ಜಾಹೀರಾತು, ಭಾಷಣದ ತುಣುಕು, ಫೋನಿಗೆ ಬಂದು ಬೀಳುವ ಮೆಸೇಜು, ಇವನ್ನೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ಕೂಡಿಹಾಕುತ್ತಿದ್ದೇನೆ. ಪ್ರತಿ ಸಾಲಿನ ಪಕ್ಕ, ಇದು ನಮ್ಮನ್ನು ಯಾವ ದಾರಿಯಲ್ಲಿ ಒಲಿಸುತ್ತಿದೆ ಅಂತ ಗುರುತು ಹಾಕುತ್ತೇನೆ. ಅಷ್ಟೇ ಕೆಲಸ.

ಲೇಬಲ್‌ಗಳನ್ನು ತೆಗೆದುಕೊಂಡಿದ್ದು ಒಂದು ಹಳೇ ಪಟ್ಟಿಯಿಂದ. 1937ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಫಾರ್ ಪ್ರಾಪಗ್ಯಾಂಡ ಅನಾಲಿಸಿಸ್ ಏಳು ತಂತ್ರಗಳನ್ನು ಹೆಸರಿಸಿತ್ತು. ನನ್ನ ಶೀಟಿನಲ್ಲಿ ಅವಕ್ಕೆ ನಾನಿಟ್ಟ ಹೆಸರು: ಹಣೆಪಟ್ಟಿ (ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು), ಥಳುಕಿನ ಮಾತು (ಕೇಳಲು ಚೆಂದ, ಅರ್ಥ ಮಸುಕು), ಎರವಲು ಗೌರವ (ಜನ ಗೌರವಿಸುವ ಇನ್ನೊಂದರ ಜೊತೆ ತಳುಕು ಹಾಕುವುದು), ದೊಡ್ಡವರ ಸಾಕ್ಷಿ, ನಾನೂ ನಿಮ್ಮವನೇ, ಎಲ್ಲರೂ ಇತ್ತಲೇ, ಮತ್ತೆ ಬೇಕಾದ್ದಷ್ಟೇ ಜೋಡಣೆ (ಅನುಕೂಲದ ಸಂಗತಿ ಮಾತ್ರ ಹೇಳಿ ಉಳಿದದ್ದು ಬಿಡುವುದು). ಸಂಸ್ಥೆ 1942ರಲ್ಲೇ ಬಾಗಿಲು ಹಾಕಿತು. ಪಟ್ಟಿ ಮಾತ್ರ ಇನ್ನೂ ಪಾಠಗಳಲ್ಲಿ ಓಡಾಡುತ್ತಿದೆ.

ಮೊದಲ ತೊಡಕು 1952ರ 'ಐ ಲೈಕ್ ಐಕ್'. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಐಸೆನ್‌ಹೋವರ್ (ಅಡ್ಡಹೆಸರು ಐಕ್) ಪರ ಬ್ಯಾಡ್ಜಿನ ಮೇಲಿದ್ದ ಮೂರೇ ಪದ. ಇದನ್ನು ಯಾವ ಡಬ್ಬಿಗೆ ಹಾಕೋದು? ಕಾರಣ ಇಲ್ಲ, ಭರವಸೆ ಇಲ್ಲ, ಬೈಗುಳವೂ ಇಲ್ಲ. ಬರೀ ಪ್ರಾಸ. ಬಾಯಲ್ಲಿ ಉರುಳುತ್ತದೆ, ನೂರು ಸಲ ಹೇಳಿದರೂ ಬೇಸರ ಬರುವುದಿಲ್ಲ. ನೂರು ಸಲ ಹೇಳಿಸಿಕೊಳ್ಳುವುದೇ ಇದರ ಕಸುಬು ಅನ್ನಿಸುತ್ತದೆ. ಕೇಳಿದ್ದನ್ನೇ ಮತ್ತೆ ಕೇಳಿದರೆ ಅದು ನಿಜ ಅನ್ನಿಸುವುದು ಜಾಸ್ತಿಯಾಗುತ್ತದೆ ಅಂತ 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಎಂಟನೇ ಲೇಬಲ್ ಬಂತು: ಗುನುಗು.

ಒಂಬತ್ತನೆಯದು ಹೆದರಿಕೆ. ಏಳರ ಪಟ್ಟಿಯಲ್ಲಿ ಹೆದರಿಕೆ ಅಂತ ಬೇರೆ ಹೆಸರೇ ಇಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಅಮೆರಿಕದ 'ಡೈಸಿ' ಜಾಹೀರಾತನ್ನು ಶೀಟಿಗೆ ಏರಿಸುವಾಗ. 1964ರ ಸೆಪ್ಟೆಂಬರ್ 7ರಂದು, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಲಿಂಡನ್ ಜಾನ್ಸನ್ ಕಡೆಯವರು ಟಿವಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದು ಒಂದೇ ಸಲ. ಪುಟ್ಟ ಹುಡುಗಿ ಹೂವಿನ ಎಸಳು ಕೀಳುತ್ತಾ ಎಣಿಸುತ್ತಾಳೆ. ಮಧ್ಯೆ ಎಣಿಕೆ ತಪ್ಪುತ್ತಾಳೆ. ಅಷ್ಟರಲ್ಲಿ ಒಂದು ಗಂಡಸಿನ ದನಿ ಹತ್ತರಿಂದ ಕೆಳಕ್ಕೆ ಎಣಿಸತೊಡಗುತ್ತದೆ. ಕ್ಯಾಮೆರಾ ಅವಳ ಕಣ್ಣಿನೊಳಕ್ಕೇ ಹೋಗುತ್ತದೆ, ಆಮೇಲೆ ಅಣುಬಾಂಬಿನ ಸ್ಫೋಟ. ಎದುರಾಳಿ ಗೋಲ್ಡ್‌ವಾಟರ್ ಹೆಸರು ಎಲ್ಲೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ನೋಡುವವರೇ ತುಂಬಿಕೊಳ್ಳುತ್ತಾರೆ. ಆಮೇಲೆ ಸುದ್ದಿ ಕಾರ್ಯಕ್ರಮಗಳೇ ಅದನ್ನು ಮತ್ತೆ ಮತ್ತೆ ತೋರಿಸಿದವು, ಪುಕ್ಕಟೆಯಾಗಿ. ಆ ಎಣಿಕೆ ತಪ್ಪುವ ಜಾಗವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸರಿಯಾಗಿ ಎಣಿಸಿದ್ದರೆ ಹೊಟ್ಟೆಯಲ್ಲಿ ಅಷ್ಟು ಸಂಕಟ ಆಗುತ್ತಿರಲಿಲ್ಲ.

ನಾಲ್ಕನೇ ವಾರ ಗೆಳತಿಗೆ ನಲವತ್ತು ಸಂದೇಶ ಕೊಟ್ಟು, ನನ್ನ ಲೇಬಲ್ ತೋರಿಸದೆ, ನೀನೂ ಹಚ್ಚು ಅಂದೆ. ಇಬ್ಬರದೂ ತಾಳೆಯಾಗಿದ್ದು ಹತ್ತೊಂಬತ್ತು ಕಡೆ ಮಾತ್ರ. "ನಾಳೆ ಮಕ್ಕಳು ಕೇಳಿದರೆ ಏನು ಹೇಳುತ್ತೀರಿ?" ಅನ್ನೋ ಥರದ ಸಾಲಿಗೆ ನಾನು ಹೆದರಿಕೆ ಅಂದಿದ್ದೆ. ಅವಳು, "ಇದು ಹೆದರಿಕೆಯಲ್ಲ ಮಾರಾಯ, ನಾಚಿಕೆ" ಅಂದಳು. ಅವಳದೇ ಸರಿ.

ಇನ್ನೊಂದು ಮಾತನ್ನೂ ಅಂದಳು, ಅದು ಚುಚ್ಚಿತು. "ನಿನಗೆ ಇಷ್ಟ ಇಲ್ಲದವರು ಹೇಳಿದರೆ ಮಾತ್ರ ಥಳುಕು, ಅಲ್ವಾ?"

ಅದೇ ರಾತ್ರಿ ಶೀಟಿನ ಒಂದು ಪ್ರತಿ ಮಾಡಿದೆ. ಪಕ್ಷ, ನಾಯಕ, ಬಣ್ಣ, ಚಿಹ್ನೆ ಎಲ್ಲ ಮುಚ್ಚಿ, ಸಾಲುಗಳನ್ನು ಕಲಸಿದೆ. ಒಂದು ವಾರ ಬಿಟ್ಟು ಮತ್ತೆ ಲೇಬಲ್ ಹಚ್ಚಿದೆ. "ಎಲ್ಲರ ಏಳಿಗೆ, ಹೊಸ ನಾಳೆ" ಅನ್ನುವಂಥ ಒಂದು ಸಾಲಿಗೆ ಮೊದಲು ಏನೂ ಹಚ್ಚಿರಲಿಲ್ಲ, ಪಕ್ಕದಲ್ಲಿ 'ಸುಮ್ನೆ ಒಂದು ಭರವಸೆ' ಅಂತ ಬರೆದುಕೊಂಡಿದ್ದೆ. ಹೆಸರು ಮುಚ್ಚಿದ ಮೇಲೆ ಅದೇ ಸಾಲಿಗೆ 'ಥಳುಕಿನ ಮಾತು' ಅಂತ ಹಚ್ಚಿದ್ದೇನೆ. ಇಂಥವು ಒಂದೆರಡಲ್ಲ. ಎಲ್ಲ ಅಳಿಸಿದ್ದು ಅದಕ್ಕೇ.

ಈ ವಾರದ ಹೊಸ ಕಾಲಂ: 'ಏನು ಬಿಟ್ಟಿದ್ದಾರೆ'. ಬೇಕಾದ್ದಷ್ಟೇ ಜೋಡಣೆ ಅನ್ನೋ ತಂತ್ರ ಸಂದೇಶದೊಳಗೆ ಕಾಣುವುದೇ ಇಲ್ಲ. ಹೇಳಿದ್ದು ನಿಜವೇ ಆಗಿರಬಹುದು, ಹೊರಗೆ ಹೋಗಿ ಹುಡುಕಬೇಕು. 1978ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ಸಾಚಿ ಆ್ಯಂಡ್ ಸಾಚಿ ಕಂಪನಿ ಮಾಡಿದ 'ಲೇಬರ್ ಈಸ್‌ಂಟ್ ವರ್ಕಿಂಗ್' ಪೋಸ್ಟರನ್ನೇ ತೆಗೆದುಕೊಳ್ಳಿ. ನಿರುದ್ಯೋಗ ಕಚೇರಿ ಮುಂದೆ ಹಾವಿನಂತೆ ಸುತ್ತಿದ ಸಾಲು. ಮಾತಲ್ಲೂ ಎರಡರ್ಥ: ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷ ಕೆಲಸಕ್ಕೆ ಬಾರದು, ದುಡಿಯುವವರಿಗೆ ಕೆಲಸ ಇಲ್ಲ. ಸಾಲಿನಲ್ಲಿದ್ದವರು ನಿರುದ್ಯೋಗಿಗಳಲ್ಲ, ಕನ್ಸರ್ವೇಟಿವ್ ಪಕ್ಷದ್ದೇ ಯುವ ಕಾರ್ಯಕರ್ತರು. ನೂರು ಜನ ಬರಬೇಕಿತ್ತು, ಬಂದಿದ್ದು ಇಪ್ಪತ್ತು. ಅವರನ್ನೇ ಮತ್ತೆ ಮತ್ತೆ ನಿಲ್ಲಿಸಿ ಫೋಟೋ ತೆಗೆದು ಜೋಡಿಸಿದರು. ಆ ಕನ್ಸರ್ವೇಟಿವ್ ಪಕ್ಷವೇ ಗೆದ್ದು ಬಂದ ಮೇಲೆ, 1982ರಲ್ಲಿ, ಅಲ್ಲಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು.

ಈ ಒಂದು ಸಾಲಿನ ಕಾಲಂ ತುಂಬಲು ಎರಡು ಸಂಜೆ ಹಿಡಿಯಿತು. ಉಳಿದವು ಬಹುಪಾಲು ಖಾಲಿ. ಮುಂದಿನ ವಾರ ಗೆಳತಿ ಮತ್ತೆ ಆ ನಲವತ್ತಕ್ಕೆ ಕೂರುತ್ತಾಳೆ, ಈ ಸಲ ಹೆಸರು ಮುಚ್ಚಿದ ಪ್ರತಿಯಲ್ಲಿ. ನಾಚಿಕೆಗೂ ಒಂದು ಲೇಬಲ್ ಸೇರಿಸಿದ್ದೇನೆ.